ಕೀಲಿ ತೆಗೆದರೂ ಕರೆಂಟ್ ಹರಿಯುತ್ತಿದೆ ಎನ್ನುವ ಮೀಟರ್

ಪ್ರಶ್ನೆ: ನಾನು ಗದಗಿನವಳು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ, ಸರಕು ಸಾಗಿಸುವ ವಿದ್ಯುತ್ ತ್ರಿಚಕ್ರ ವಾಹನಗಳಿಗೆ 48 ವೋಲ್ಟಿನ ಮೋಟರ್ ಕಂಟ್ರೋಲರ್ ವಿನ್ಯಾಸ ಮಾಡುತ್ತೇನೆ. ಬ್ಯಾಟರಿಯ ನೆಗೆಟಿವ್ ಕಡೆ 1 ಮಿಲಿಓಮ್ ಶಂಟ್ (ಕರೆಂಟ್ ಅಳೆಯಲು ಅದರ ದಾರಿಯಲ್ಲಿ ಇಡುವ ಅತಿ ಸಣ್ಣ ರೋಧ) ಇದೆ. ಅದರ ವೋಲ್ಟೇಜನ್ನು ಎಲ್‌ಎಂ358 ಎಂಬ ಆಂಪ್ಲಿಫೈಯರ್ ಚಿಪ್ಪು ಮತ್ತು ನಾಲ್ಕು 1% ರೆಸಿಸ್ಟರ್‌ಗಳ ಡಿಫರೆನ್ಸ್ ಆಂಪ್ಲಿಫೈಯರ್ 20 ಪಟ್ಟು ಹಿಗ್ಗಿಸುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬ ಲೆಕ್ಕವೂ ಇದೇ ಅಳತೆಯಿಂದ. ತೊಂದರೆ ಏನೆಂದರೆ, ಕೀಲಿ ತೆಗೆದು ನಿಲ್ಲಿಸಿದ ಬಂಡಿಯಲ್ಲೂ 1.6 ಆಂಪಿಯರ್ ತೋರಿಸುತ್ತದೆ. ಬೋರ್ಡ್ ಬಿಸಿಯಾದ ಮೇಲೆ 1.9. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ 60 ಎನ್ನುವಾಗ ನಮ್ಮದು 65 ಎನ್ನುತ್ತದೆ, ಬಿಸಿಯಾದರೆ 66. ರಾತ್ರಿ ನಿಲ್ಲಿಸಿದ ಗಾಡಿಯ ಚಾರ್ಜ್ ಬೆಳಿಗ್ಗೆಗೆ ಕಡಿಮೆ ತೋರುತ್ತದೆ ಎಂದು ಚಾಲಕರು ದೂರುತ್ತಿದ್ದಾರೆ. ಶಂಟ್ ಮಾರುವವರು 0.1% ನಿಖರತೆಯದನ್ನು ಹಾಕಿ ಎನ್ನುತ್ತಾರೆ. ಮಾಲೀಕರು ಸಾಫ್ಟ್‌ವೇರಿನಲ್ಲಿ ಸರಾಸರಿ ತೆಗೆ ಎನ್ನುತ್ತಾರೆ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ತಾಪಕೀರ್ ಗಲ್ಲಿಯ ಅಂಗಡಿಯವರು, ಶಂಟಿನ ಬದಲು ಕಾಂತಕ್ಷೇತ್ರದಿಂದ ಕರೆಂಟ್ ಅಳೆಯುವ ಹಾಲ್ ಸೆನ್ಸರ್ ಕೊಟ್ಟಿದ್ದಾರೆ. ಸಹೋದ್ಯೋಗಿಯೊಬ್ಬರು ಶಂಟನ್ನು ಪಾಸಿಟಿವ್ ಕಡೆಗೆ ಒಯ್ದರೆ ಸರಿಹೋಗುತ್ತದೆ ಎನ್ನುತ್ತಾರೆ. ಯಾವ ಆಂಪ್ಲಿಫೈಯರ್ ಕೊಳ್ಳಬೇಕು? ಈಗಾಗಲೇ ಮಾರಿರುವ ಬಂಡಿಗಳಿಗೆ ಏನು ಮಾಡಬೇಕು? ಬೋರ್ಡಿನ ಚಿತ್ರ ಕಳಿಸಿದ್ದೇನೆ.

ಉತ್ತರ: ಬಿಸಿಯಾದಾಗಿನ ಅಳತೆಯನ್ನೂ ಬರೆದು ಕಳಿಸಿದ್ದಕ್ಕೆ ಮೊದಲು ಮೆಚ್ಚುಗೆ. ಹೆಚ್ಚಿನವರು "ತಪ್ಪು ತೋರಿಸುತ್ತದೆ" ಎಂದಷ್ಟೇ ಹೇಳಿ ಚಿಪ್ಪಿನ ಹೆಸರು ಕೇಳುತ್ತಾರೆ. ನಿಮ್ಮ ನಾಲ್ಕು ಅಂಕಿಗಳಲ್ಲೇ ಅರ್ಧ ಉತ್ತರ ಇದೆ.

ನಿಮ್ಮ ನಿಜವಾದ ಚಿಂತೆ 1.6 ಆಂಪಿಯರ್ ಅಲ್ಲ. ಅದು ರಾತ್ರಿಯಿಡೀ ಕೂಡಿಕೊಂಡು ಹೋಗುವುದು. ಹತ್ತು ಗಂಟೆ ನಿಂತ ಗಾಡಿಯಲ್ಲಿ 16 ಆಂಪಿಯರ್-ಗಂಟೆ ಖರ್ಚಾಯಿತೆಂದು ನಿಮ್ಮ ಲೆಕ್ಕ ಬರೆದುಕೊಳ್ಳುತ್ತದೆ. ಬ್ಯಾಟರಿ 100 ಆಂಪಿಯರ್-ಗಂಟೆಯದಾದರೆ ಏನೂ ಓಡಿಸದೆ ಶೇಕಡ 16 ಮಾಯ. ಚಾಲಕರ ದೂರು ನ್ಯಾಯವಾದದ್ದೇ.

ಇಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದರ ಮೇಲೊಂದು ಕುಳಿತಿವೆ. ತರಕಾರಿ ಅಂಗಡಿಯ ತಕ್ಕಡಿ ನೆನಪಿಸಿಕೊಳ್ಳಿ. ತಟ್ಟೆ ಖಾಲಿಯಿದ್ದಾಗಲೂ ಮುಳ್ಳು ಐವತ್ತು ಗ್ರಾಂ ಮೇಲಿದ್ದರೆ ಅದು ಸೊನ್ನೆಯ ದೋಷ. ಖಾಲಿಯಿದ್ದಾಗ ಸರಿಯಿದ್ದು ಪ್ರತಿ ಕಿಲೋಗೂ ಐವತ್ತು ಗ್ರಾಂ ಹೆಚ್ಚು ತೋರಿದರೆ ಅದು ಇಳಿಜಾರಿನ ದೋಷ, ಅಂದರೆ ಗೇನ್ ದೋಷ. ನಿಮ್ಮ 65ರಿಂದ 1.6 ಕಳೆಯಿರಿ, 63.4 ಉಳಿಯುತ್ತದೆ, ಅಲ್ಲಿಗೆ ಗೇನ್ ದೋಷ ಐದಾರು ಶೇಕಡ. ಬಿಸಿಯಾದಾಗಿನ 66ರಿಂದ 1.9 ಕಳೆದರೆ 64.1, ಅಂದರೆ ಇನ್ನೊಂದು ಶೇಕಡ ಏರಿದೆ. ಈ ಎರಡರ ಮೂಲವೂ ಬೇರೆ, ಮದ್ದೂ ಬೇರೆ. ನಿಮಗೆ ಸಲಹೆ ಕೊಟ್ಟ ನಾಲ್ವರಲ್ಲಿ ಯಾರೂ ಇವನ್ನು ಬಿಡಿಸಿ ನೋಡಿದಂತಿಲ್ಲ.

ಮೊದಲು ಸೊನ್ನೆ. ಎಲ್‌ಎಂ358 ಎಪ್ಪತ್ತರ ದಶಕದ ವಿನ್ಯಾಸ. ಅಗ್ಗ, ಗಟ್ಟಿ, ನೂರು ಕಡೆ ಉಪಯುಕ್ತ. ನಾನು ಅದನ್ನು ಹಳಿಯುವುದಿಲ್ಲ. ಆದರೆ ಎರಡೂ ಇನ್‌ಪುಟ್ ಸಮವಾಗಿದ್ದಾಗಲೂ ಅದು ತನ್ನೊಳಗೆ ಒಂದಿಷ್ಟು ವ್ಯತ್ಯಾಸವನ್ನು ಕಲ್ಪಿಸಿಕೊಳ್ಳುತ್ತದೆ. ಆಫ್‌ಸೆಟ್ ವೋಲ್ಟೇಜ್ ಎನ್ನುವುದು ಇದನ್ನೇ. ಡೇಟಾಶೀಟಿನ ಪ್ರಕಾರ ಇದು ಸಾಮಾನ್ಯವಾಗಿ 2-3 ಮಿಲಿವೋಲ್ಟ್, ಕೋಣೆಯ ತಾಪದಲ್ಲಿ ಗರಿಷ್ಠ 7 ಮಿಲಿವೋಲ್ಟ್. ನಿಮ್ಮ ಶಂಟಿನಲ್ಲಿ 1 ಮಿಲಿವೋಲ್ಟ್ ಎಂದರೆ 1 ಆಂಪಿಯರ್. ಆದ್ದರಿಂದ 1.6 ಬಂದದ್ದು ಆಶ್ಚರ್ಯವಲ್ಲ, ಅದೃಷ್ಟ. ಮುಂದಿನ ಕಂತಿನ ಚಿಪ್ಪುಗಳಲ್ಲಿ 5 ಬಂದರೂ ತಯಾರಕರನ್ನು ದೂರುವಂತಿಲ್ಲ. ಬಿಸಿಯ ಲೆಕ್ಕವೂ ಹೊಂದುತ್ತದೆ: ಡಿಗ್ರಿಗೆ ಸುಮಾರು 7 ಮೈಕ್ರೊವೋಲ್ಟ್ ಸರಿಯುವ ಆಂಪ್ಲಿಫೈಯರ್ 40 ಡಿಗ್ರಿ ಏರಿದರೆ 280 ಮೈಕ್ರೊವೋಲ್ಟ್ ಸರಿಯುತ್ತದೆ. ನಿಮ್ಮ 1.6 ಹೋಗಿ 1.9 ಆದದ್ದು ಹೀಗೆ.

ಹಾಗೆಂದು ನನ್ನ ಮಾತನ್ನು ನಂಬಿ ಕೂರಬೇಡಿ, ಪರೀಕ್ಷಿಸಿ. ಆಂಪ್ಲಿಫೈಯರಿನ ಎರಡೂ ಇನ್‌ಪುಟ್ ತಂತಿಗಳನ್ನು ಶಂಟಿನ ಒಂದೇ ಪ್ಯಾಡಿಗೆ (ಬೋರ್ಡಿನಲ್ಲಿ ಅದರ ತುದಿ ಬೆಸೆದಿರುವ ತಾಮ್ರದ ಜಾಗ) ಬೆಸೆಯಿರಿ. ಆಗಲೂ 1.6 ತೋರಿದರೆ ತಪ್ಪು ಪೂರ್ತಿ ಆಂಪ್ಲಿಫೈಯರಿನದು. ಕಡಿಮೆಯಾದರೆ ಇನ್ನೊಬ್ಬ ಆರೋಪಿ ಇದ್ದಾನೆ: ಶಂಟಿನ ಲೋಹ. ಬೇರೆ ಬೇರೆ ಲೋಹಗಳು ಕೂಡುವ ಜಾಗದಲ್ಲಿ, ಎರಡು ತುದಿಗಳ ಬಿಸಿ ಬೇರೆ ಬೇರೆ ಇದ್ದರೆ, ಸಣ್ಣ ವೋಲ್ಟೇಜ್ ತಾನಾಗಿ ಹುಟ್ಟುತ್ತದೆ. ತಾಮ್ರ ಮತ್ತು ಮಿಶ್ರಲೋಹವಾದ ಕಾನ್‌ಸ್ಟಂಟನ್ ಜೋಡಿಯಲ್ಲಿ ಇದು ಡಿಗ್ರಿಗೆ 40 ಮೈಕ್ರೊವೋಲ್ಟಿನಷ್ಟು. ಶಂಟಿನ ಒಂದು ತುದಿ, ಮೋಟರಿನ ಕರೆಂಟನ್ನು ಕತ್ತರಿಸಿ ಬಿಡುವ ಸ್ವಿಚ್ಚಾದ ಮಾಸ್‌ಫೆಟ್ ಪಕ್ಕದಲ್ಲಿ ಕೂತು ಇನ್ನೊಂದಕ್ಕಿಂತ 5 ಡಿಗ್ರಿ ಬಿಸಿಯಿದ್ದರೆ 200 ಮೈಕ್ರೊವೋಲ್ಟ್, ಅಂದರೆ ನಿಮ್ಮಲ್ಲಿ 0.2 ಆಂಪಿಯರ್. ಮ್ಯಾಂಗನಿನ್ ಮಿಶ್ರಲೋಹದ ಶಂಟಿನಲ್ಲಿ ಇದು ಡಿಗ್ರಿಗೆ ಕೆಲವೇ ಮೈಕ್ರೊವೋಲ್ಟ್. ಅಳತೆಯ ಶಂಟುಗಳಲ್ಲಿ ಅದಕ್ಕೆ ಇಷ್ಟು ಮರ್ಯಾದೆ ಇರುವುದು ಇದೇ ಕಾರಣಕ್ಕೆ. ಕಂಡುಹಿಡಿಯುವುದು ಸುಲಭ. ಕರೆಂಟ್ ಇಲ್ಲದಾಗ ಶಂಟಿನ ಒಂದು ತುದಿಗೆ ಬೆಸುಗೆ ಕಡ್ಡಿಯ ಬಿಸಿ ಮುಟ್ಟಿಸಿ ನೋಡಿ, ಆಮೇಲೆ ಇನ್ನೊಂದು ತುದಿಗೆ. ಅಂಕಿ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಸರಿದರೆ ಕಳ್ಳ ಸಿಕ್ಕಂತೆ.

ಈಗ ಗೇನ್ ದೋಷ. ನನಗೆ ಹೆಚ್ಚು ಆಸಕ್ತಿ ಇರುವುದು ಇಲ್ಲಿ, ಏಕೆಂದರೆ ನೀವು ಕಳಿಸಿದ ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ. ಆಂಪ್ಲಿಫೈಯರಿಗೆ ಹೋಗುವ ಎರಡು ಸಣ್ಣ ಗೆರೆಗಳು ಶಂಟಿನ ಪ್ಯಾಡಿನಿಂದ ಹೊರಡುತ್ತಿಲ್ಲ. ಪ್ಯಾಡಿನಿಂದ ಆಚೆ, ದಪ್ಪ ಕರೆಂಟ್ ಹರಿಯುವ ಅಗಲವಾದ ತಾಮ್ರದ ಪಟ್ಟಿಯಿಂದ ಹೊರಡುತ್ತಿವೆ. ಎರಡೂ ಕಡೆ ಸೇರಿ ಒಂದು ಮಿಲಿಮೀಟರಿನಷ್ಟು ತಾಮ್ರವನ್ನು ನೀವು ಶಂಟಿನ ಜೊತೆ ಅಳೆಯುತ್ತಿದ್ದೀರಿ.

ಒಂದು ಮಿಲಿಮೀಟರ್ ತಾಮ್ರದಲ್ಲಿ ಏನಿದೆ ಎನ್ನಬೇಡಿ. ಸರ್ಕ್ಯೂಟ್ ಬೋರ್ಡಿನ ಸಾಮಾನ್ಯ 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ, ಉದ್ದ ಅಗಲ ಸಮವಾಗಿರುವ ಚೌಕದ ರೋಧ ಸುಮಾರು 0.5 ಮಿಲಿಓಮ್, ಚೌಕ ದೊಡ್ಡದಿರಲಿ ಚಿಕ್ಕದಿರಲಿ ಅಷ್ಟೇ. ನಿಮ್ಮ ಪಟ್ಟಿ 10 ಮಿಲಿಮೀಟರ್ ಅಗಲ ಎಂದುಕೊಂಡರೆ, 1 ಮಿಲಿಮೀಟರ್ ಉದ್ದಕ್ಕೆ ಚೌಕದ ಹತ್ತನೇ ಒಂದು ಪಾಲು, ಅಂದರೆ 0.05 ಮಿಲಿಓಮ್. ಒಂದು ಮಿಲಿಓಮಿನ ಶಂಟಿಗೆ ಅದು ನೇರ 5 ಶೇಕಡ. ತಾಮ್ರದ ರೋಧ ಡಿಗ್ರಿಗೆ 0.39 ಶೇಕಡ ಏರುತ್ತದೆ; 50 ಡಿಗ್ರಿ ಬಿಸಿಯಾದರೆ ಆ ಐದು ಶೇಕಡ ಆರಾಗುತ್ತದೆ. ನಿಮ್ಮ ಅಂಕಿಯೂ ಅದನ್ನೇ ಹೇಳುತ್ತಿದೆ. ಉಳಿದ ಚಿಲ್ಲರೆಯನ್ನು 1% ರೆಸಿಸ್ಟರ್‌ಗಳ ಲೆಕ್ಕಕ್ಕೆ ಬರೆಯಬಹುದು.

ಮದ್ದು ಕೆಲ್ವಿನ್ ಜೋಡಣೆ: ದಪ್ಪ ಕರೆಂಟ್ ಪ್ಯಾಡುಗಳ ಹೊರಬದಿಯಿಂದ ಬರಲಿ, ಅಳತೆಯ ಗೆರೆಗಳು ಪ್ಯಾಡುಗಳ ಒಳಬದಿಯಿಂದ, ಶಂಟಿನ ಹೊಟ್ಟೆಯ ಕೆಳಗಿನಿಂದ ಹೊರಟು ಜೊತೆಜೊತೆಯಾಗಿ ಆಂಪ್ಲಿಫೈಯರಿನವರೆಗೆ ಹೋಗಲಿ. ಹೊಸ ಬೋರ್ಡ್ ಮಾಡಿಸುವ ಮೊದಲು ಹಳೆಯದರಲ್ಲೇ ಆ ಗೆರೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಪ್ಯಾಡಿನ ಒಳ ಅಂಚಿನಿಂದ ತೆಳು ತಂತಿ ಎಳೆದು ನೋಡಿ. ದೋಷದ ಬಹುಪಾಲು ಅಲ್ಲೇ ಕರಗಬೇಕು. ಭೋಸರಿಯಿಂದ ಚಾಕಣದವರೆಗೆ ಎಷ್ಟೋ ಬೋರ್ಡುಗಳಲ್ಲಿ ದುಬಾರಿ ಆಂಪ್ಲಿಫೈಯರನ್ನು ಹೀಗೆಯೇ ತಪ್ಪು ಜಾಗಕ್ಕೆ ಜೋಡಿಸಿರುವುದನ್ನು ನೋಡಿದ್ದೇನೆ. ಅಂಕಿ ಹೊಂದಿಸಲು ಶಂಟಿನ ಮೇಲೆ ಬೆಸುಗೆಯ ಗುಡ್ಡೆ ಹಾಕುವ ಅಭ್ಯಾಸವೂ ಇದೆ. ಇಂದು ಹೊಂದುತ್ತದೆ, ಏಪ್ರಿಲ್ ಬಿಸಿಲಿಗೆ ತಪ್ಪುತ್ತದೆ. ತವರವೂ ತಾಮ್ರದಂತೆಯೇ ಬಿಸಿಗೆ ಬದಲಾಗುವ ಲೋಹ.

ಒಂದು ಎಚ್ಚರಿಕೆ. ನೀವು ಸತ್ಯವೆಂದು ಹಿಡಿದಿರುವ ಕ್ಲಾಂಪ್ ಮೀಟರ್ ಕೂಡ ಹಾಲ್ ಸೆನ್ಸರ್ ಇಟ್ಟುಕೊಂಡ ಉಪಕರಣ; ಡಿಸಿ ಅಳತೆಯಲ್ಲಿ ಒಂದೆರಡು ಶೇಕಡ ತಪ್ಪು ಅದಕ್ಕೆ ಸಹಜ, ಪ್ರತಿ ಸಲ ಸೊನ್ನೆ ಒತ್ತದಿದ್ದರೆ ಇನ್ನೂ ಹೆಚ್ಚು. ಪ್ಯಾನೆಲ್ ಮೀಟರುಗಳಿಗೆ ಹಾಕುವ 100 ಆಂಪಿಯರ್, 75 ಮಿಲಿವೋಲ್ಟಿನ ಹಿತ್ತಾಳೆ ತುದಿಯ ಶಂಟ್ ತನ್ನಿ, ಕ್ಲಾಸ್ 0.5ರದ್ದು, ಅಂದರೆ ತಪ್ಪು ಅರ್ಧ ಶೇಕಡದೊಳಗಿನದು. ಅದನ್ನು ಸಾಲಿನಲ್ಲಿ ಹಾಕಿ ಒಳ್ಳೆಯ ಮಲ್ಟಿಮೀಟರಿನಲ್ಲಿ ಮಿಲಿವೋಲ್ಟ್ ಓದಿ. 60 ಆಂಪಿಯರಿಗೆ 45 ಮಿಲಿವೋಲ್ಟ್ ಬರಬೇಕು. ಕೈಗೆಟಕುವ ಬೆಲೆಗೆ ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಸಿಗುವುದಿಲ್ಲ.

ಇನ್ನು ನಿಮಗೆ ಬಂದ ಸಲಹೆಗಳು. 0.1% ಶಂಟ್ ನಿಮ್ಮ ಸೊನ್ನೆಯನ್ನು ಮುಟ್ಟುವುದೇ ಇಲ್ಲ, ತಾಮ್ರದ ಐದು ಶೇಕಡವನ್ನೂ ತೆಗೆಯುವುದಿಲ್ಲ. ಹಣ ಮಾತ್ರ ಹೋಗುತ್ತದೆ. ಸರಾಸರಿ ತೆಗೆಯುವುದು ಅಂಕಿಯ ಕುಣಿತವನ್ನು ನಿಲ್ಲಿಸುತ್ತದೆ, ಅಂಕಿಯನ್ನು ಸರಿಪಡಿಸುವುದಿಲ್ಲ. ಅರವತ್ತನಾಲ್ಕು ತಪ್ಪುಗಳ ಸರಾಸರಿ ಒಂದು ಸ್ಥಿರವಾದ ತಪ್ಪು, ಅಷ್ಟೇ. ಮಾಲೀಕರಿಗೆ ಹೀಗೆಯೇ ಹೇಳಬೇಡಿ. 16 ಆಂಪಿಯರ್-ಗಂಟೆಯ ಲೆಕ್ಕ ತೋರಿಸಿ, ಅವರಿಗೇ ತಿಳಿಯುತ್ತದೆ.

ಹಾಲ್ ಸೆನ್ಸರಿನ ಮಾತು ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. 1879ರಲ್ಲಿ ಎಡ್ವಿನ್ ಹಾಲ್ ಕಂಡ ಪರಿಣಾಮವನ್ನೇ ಅದು ಬಳಸುತ್ತದೆ: ಕರೆಂಟಿನ ಸುತ್ತಲಿನ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಶಂಟಿನ ಬಿಸಿ ಇಲ್ಲ, ಬ್ಯಾಟರಿಗೂ ಅಳತೆಗೂ ನಡುವೆ ವಿದ್ಯುತ್ ಬೇರ್ಪಡೆ ತಾನಾಗಿ ಸಿಗುತ್ತದೆ. ಮುನ್ನೂರು ನಾನೂರು ವೋಲ್ಟಿನ ಕಾರು, ದೊಡ್ಡ ಕೈಗಾರಿಕಾ ಡ್ರೈವ್ ಆಗಿದ್ದರೆ ನಾನೇ ಅದನ್ನು ಸೂಚಿಸುತ್ತಿದ್ದೆ. ಆದರೆ ನಿಮ್ಮ ಕಾಯಿಲೆ ಸೊನ್ನೆಯದು, ಹಾಲ್ ಸೆನ್ಸರಿನ ದೌರ್ಬಲ್ಯವೂ ಸೊನ್ನೆಯೇ. ಪೂರ್ಣ ಮಟ್ಟದ 1 ಶೇಕಡ ಆಫ್‌ಸೆಟ್ ಇರುವ 100 ಆಂಪಿಯರ್ ಸೆನ್ಸರ್ ಎಂದರೆ ಮತ್ತೆ 1 ಆಂಪಿಯರ್. ಕಬ್ಬಿಣದ ತಿರುಳಿರುವ ಮಾದರಿಯಾದರೆ ದೊಡ್ಡ ಕರೆಂಟ್ ಹರಿದುಹೋದ ಮೇಲೂ ಸ್ವಲ್ಪ ಕಾಂತತ್ವ ಉಳಿದು ಸೊನ್ನೆಯನ್ನು ಸರಿಸುತ್ತದೆ. ತಿರುಳಿಲ್ಲದ ಮಾದರಿಯಾದರೆ ಪಕ್ಕದಲ್ಲೇ ಹಾದುಹೋಗುವ ಮೋಟರ್ ಕೇಬಲಿನ ಕ್ಷೇತ್ರವನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಬಹುದು.

ಪಾಸಿಟಿವ್ ಕಡೆಗೆ ಒಯ್ಯುವ ಸಲಹೆಯಲ್ಲಿ ಅರ್ಧ ಸತ್ಯವಿದೆ. ನೆಗೆಟಿವ್ ಕಡೆಯ ಶಂಟ್, ಬೇರೆ ದಾರಿಯಲ್ಲಿ ಬ್ಯಾಟರಿಗೆ ಮರಳುವ ಕರೆಂಟನ್ನು ಕಾಣುವುದಿಲ್ಲ. ಪಾಸಿಟಿವ್ ಕಡೆಯದು ಕಾಣುತ್ತದೆ. ಆದರೆ ಇದೇ ನಾಲ್ಕು ರೆಸಿಸ್ಟರುಗಳ ಸರ್ಕ್ಯೂಟನ್ನು ಅಲ್ಲಿಗೆ ಒಯ್ದರೆ ಅನಾಹುತ. ನಾಲ್ಕೂ 1% ಇರುವಾಗ, ಗೇನ್ 20ಕ್ಕೆ, ಕೆಟ್ಟ ಸಂದರ್ಭದಲ್ಲಿ ಎರಡೂ ಇನ್‌ಪುಟ್‌ಗಳಿಗೆ ಸಮಾನವಾಗಿ ಬರುವ ವೋಲ್ಟೇಜಿನ ಸುಮಾರು ಐನೂರನೇ ಒಂದು ಪಾಲು ವ್ಯತ್ಯಾಸವಾಗಿ ಒಳನುಗ್ಗುತ್ತದೆ. 48 ವೋಲ್ಟಿಗೆ ಅದು 90 ಮಿಲಿವೋಲ್ಟಿನಷ್ಟು. ನಿಮ್ಮ ಶಂಟಿನ ಭಾಷೆಯಲ್ಲಿ 90 ಆಂಪಿಯರ್! ಎಲ್‌ಎಂ358ರ ಇನ್‌ಪುಟ್ ಅಷ್ಟು ವೋಲ್ಟೇಜನ್ನು ತಡೆಯುವುದೂ ಇಲ್ಲ. ಈ ಸಮಾನ ವೋಲ್ಟೇಜನ್ನು ಎಷ್ಟು ತಳ್ಳಿಹಾಕುತ್ತದೆ ಎಂದು ಹೇಳುವ, ಕಾಮನ್ ಮೋಡ್ ತಿರಸ್ಕಾರ ಎಂಬ ಅಂಕಿಗೆ ಡೇಟಾಶೀಟಿನ ಮೊದಲ ಪುಟದಲ್ಲೇ ಜಾಗ ಕೊಡುವುದು ಸುಮ್ಮನೆ ಅಲ್ಲ. ಕರೆಂಟ್ ಸೆನ್ಸ್ ಆಂಪ್ಲಿಫೈಯರ್ ಎಂದು ಪ್ರತ್ಯೇಕವಾಗಿ ಮಾರುವ ಚಿಪ್ಪುಗಳಲ್ಲಿ ಆ ರೆಸಿಸ್ಟರುಗಳು ಒಳಗೇ ಇದ್ದು, ಒಂದಕ್ಕೊಂದು ಹೊಂದುವಂತೆ ಕಾರ್ಖಾನೆಯಲ್ಲೇ ತಿದ್ದಲ್ಪಟ್ಟಿರುತ್ತವೆ. ನೀವು ದುಡ್ಡು ಕೊಡುವುದು ಮುಖ್ಯವಾಗಿ ಅದಕ್ಕೆ.

ಹಾಗಾದರೆ ಏನು ಕೊಳ್ಳಬೇಕು? ಅದಕ್ಕೂ ಮೊದಲು ಒಂದು ಮಾತು: ನೀವು ಒಂದೇ ಆಂಪ್ಲಿಫೈಯರಿನಿಂದ ಎರಡು ಕೆಲಸ ಕೇಳುತ್ತಿದ್ದೀರಿ. ಬ್ಯಾಟರಿ ಲೆಕ್ಕಕ್ಕೆ ವೇಗ ಬೇಡ, ಸೊನ್ನೆ ಕರಾರುವಾಕ್ಕಾಗಿರಬೇಕು. ಮಾಸ್‌ಫೆಟ್ ಸುಡದಂತೆ ಕಾಯಲು ವೇಗ ಬೇಕು, ಐದು ಶೇಕಡ ತಪ್ಪಾದರೂ ನಡೆಯುತ್ತದೆ. ಎಲ್‌ಎಂ358 ಮೊದಲನೆಯದಕ್ಕೆ ಒರಟು. ಮೈಕ್ರೊಸೆಕೆಂಡಿಗೆ ಸುಮಾರು 0.3 ವೋಲ್ಟ್ ಮಾತ್ರ ಏರಬಲ್ಲದಾದ್ದರಿಂದ ಎರಡನೆಯದಕ್ಕೆ ನಿಧಾನ.

ಎರಡನ್ನೂ ಒಂದೇ ಚಿಪ್ಪಿನಲ್ಲಿ ಸಾಧಿಸಬೇಕೆಂದರೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸಿನ ಐಎನ್‌ಎ240 ಅಥವಾ ಅನಲಾಗ್ ಡಿವೈಸಸ್‌ನ ಎಡಿ8418 ವರ್ಗದವು ನಿಮಗೆ ಹೊಂದುತ್ತವೆ. ಮೊದಲನೆಯದರ ಇನ್‌ಪುಟ್ ವ್ಯಾಪ್ತಿ -4ರಿಂದ 80 ವೋಲ್ಟ್, ಆಫ್‌ಸೆಟ್ ಗರಿಷ್ಠ 25 ಮೈಕ್ರೊವೋಲ್ಟ್. ಎರಡನೆಯದರ ವ್ಯಾಪ್ತಿ -2ರಿಂದ 70 ವೋಲ್ಟ್. ಮುಂದೆ ಮೋಟರಿನ ಫೇಸ್ ತಂತಿಯಲ್ಲೇ ಅಳೆಯುವ ಮನಸ್ಸಾದರೆ, ಪಿಡಬ್ಲ್ಯುಎಂನ (ವೋಲ್ಟೇಜನ್ನು ವೇಗವಾಗಿ ಆನ್-ಆಫ್ ಮಾಡುವ ನಿಯಂತ್ರಣದ) ಪ್ರತಿ ಅಂಚಿಗೂ ಸೊನ್ನೆಯಿಂದ 48 ವೋಲ್ಟಿಗೆ ಜಿಗಿಯುವ ಇನ್‌ಪುಟನ್ನು ತಾಳಿಕೊಳ್ಳುವುದಕ್ಕೂ ಇವು ತಯಾರಾಗಿವೆ. ಅಗ್ಗದ ಐಎನ್‌ಎ180 ಒಳ್ಳೆಯ ಚಿಪ್ಪೇ, ಆದರೆ ಅದರ ವ್ಯಾಪ್ತಿ 26 ವೋಲ್ಟಿನವರೆಗೆ. ನೆಗೆಟಿವ್ ಕಡೆ ಬಳಸಬಹುದು, ನಿಮ್ಮ ಪಾಸಿಟಿವ್ ಕಡೆ ಹಾಕಿದರೆ ಸಾಯುತ್ತದೆ. 48 ಎಂಬುದು ಹೆಸರಿಗೆ ಮಾತ್ರ: ಹದಿನಾರು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಕೋಶಗಳ ಬ್ಯಾಟರಿ ಪೂರ್ತಿ ತುಂಬಿದಾಗ 58.4 ವೋಲ್ಟ್. ಲೋಡ್ ಇರುವಾಗಲೇ ಕಾಂಟ್ಯಾಕ್ಟರ್ (ಬ್ಯಾಟರಿಯ ಮುಖ್ಯ ಸ್ವಿಚ್) ತೆರೆದುಕೊಂಡರೆ ಕೇಬಲಿನ ಇಂಡಕ್ಟನ್ಸ್ ವೋಲ್ಟೇಜನ್ನು ಅದಕ್ಕಿಂತ ಬಹಳ ಮೇಲಕ್ಕೆ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯನ್ನು ಹೀರಿಕೊಳ್ಳುವ ಟಿವಿಎಸ್ ಡಯೋಡ್ ಇಲ್ಲದೆ 80 ವೋಲ್ಟಿನ ಚಿಪ್ಪಿಗೂ ಭರವಸೆ ಇಲ್ಲ.

ಬೆಲೆಗೆ ಅವಕಾಶವಿದ್ದರೆ ನನ್ನ ಒಲವು ಎರಡು ಚಿಪ್ಪುಗಳ ಕಡೆಗೆ. ರಕ್ಷಣೆಗೆ ಒಂದು ವೇಗದ ಸಾದಾ ಆಂಪ್ಲಿಫೈಯರ್, ಬ್ಯಾಟರಿ ಲೆಕ್ಕಕ್ಕೆ ಐಎನ್‌ಎ228ರಂಥ ಡಿಜಿಟಲ್ ಮಾನಿಟರ್. ಇದರಲ್ಲಿ 20 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಒಳಗೇ ಇದೆ, 85 ವೋಲ್ಟ್ ತಡೆಯುತ್ತದೆ, ಹರಿದ ಚಾರ್ಜನ್ನು ತಾನೇ ಕೂಡುತ್ತಾ ಹೋಗುತ್ತದೆ, ಆಫ್‌ಸೆಟ್ ಗರಿಷ್ಠ 1 ಮೈಕ್ರೊವೋಲ್ಟ್. ಅಲ್ಲಿಗೆ ತಲುಪಿದ ಮೇಲೆ ಆಂಪ್ಲಿಫೈಯರಿನ ತಪ್ಪು ಲೆಕ್ಕಕ್ಕೇ ಬರುವುದಿಲ್ಲ, ಶಂಟಿನ ತುದಿಗಳ ಬಿಸಿಯದೇ ದೊಡ್ಡ ಮಾತಾಗುತ್ತದೆ. ಆಗ ಮ್ಯಾಂಗನಿನ್ ಶಂಟಿಗೆ ಕೊಟ್ಟ ದುಡ್ಡು ಸಾರ್ಥಕ.

ಶಂಟನ್ನೂ ಬದಲಿಸಿ. ಕಾತ್ರಜ್ ಘಾಟ್ ಏರುವಾಗ 100 ಆಂಪಿಯರ್ ಹರಿದರೆ 1 ಮಿಲಿಓಮಿನಲ್ಲಿ 10 ವಾಟ್ ಸುಡುತ್ತದೆ. ಬೋರ್ಡ್ ಬಿಸಿಯಾಗುವುದರಲ್ಲಿ ಅದರ ಪಾಲೂ ಇದೆ. 0.5 ಮಿಲಿಓಮ್ ಹಾಕಿದರೆ 5 ವಾಟ್. ಆಂಪ್ಲಿಫೈಯರಿನ ಆಫ್‌ಸೆಟ್ 25 ಮೈಕ್ರೊವೋಲ್ಟ್ ಆದ್ದರಿಂದ ಶಂಟ್ ಅರ್ಧವಾದರೂ ಸೊನ್ನೆಯ ದೋಷ 0.05 ಆಂಪಿಯರ್ ಮಾತ್ರ. ಘಾಟ್ ಇಳಿಯುವಾಗ ಬ್ರೇಕಿನ ಶಕ್ತಿ ಬ್ಯಾಟರಿಗೆ ಮರಳಿದರೆ ಕರೆಂಟ್ ತಿರುಗುತ್ತದೆ ಎಂಬುದನ್ನೂ ಮರೆಯಬೇಡಿ. ಈಗಿನ ನಿಮ್ಮ ಸರ್ಕ್ಯೂಟ್ ಅದನ್ನು ಕಾಣುವುದೇ ಇಲ್ಲ. ಹೊಸ ಆಂಪ್ಲಿಫೈಯರಿನ ರೆಫರೆನ್ಸ್ ಪಿನ್ನನ್ನು (ಕರೆಂಟ್ ಸೊನ್ನೆಯಿದ್ದಾಗ ಅಂಕಿ ಎಲ್ಲಿ ನಿಲ್ಲಬೇಕೆಂದು ಹೇಳುವ ಪಿನ್) 1.65 ವೋಲ್ಟಿಗೆ ಕಟ್ಟಿ ಗೇನ್ 20 ಇಟ್ಟರೆ ಆಂಪಿಯರಿಗೆ 10 ಮಿಲಿವೋಲ್ಟ್, 3.3 ವೋಲ್ಟಿನ 12 ಬಿಟ್ ಎಡಿಸಿಯಲ್ಲಿ ಒಂದು ಮೆಟ್ಟಿಲಿಗೆ 0.08 ಆಂಪಿಯರ್. ಸಾಕಾದಷ್ಟು ಸೂಕ್ಷ್ಮ.

ಸಣ್ಣ ವಿಷಯಗಳು ಎರಡು. ಇನ್‌ಪುಟ್‌ನಲ್ಲಿ ಫಿಲ್ಟರ್ ರೆಸಿಸ್ಟರ್ ಹಾಕುವುದಾದರೆ 10 ಓಮ್ ಮೀರಬೇಡಿ, ಇಲ್ಲದಿದ್ದರೆ ಒಳಗಿನ ರೆಸಿಸ್ಟರುಗಳ ಹೊಂದಾಣಿಕೆ ಕೆಟ್ಟು ಗೇನ್ ಬದಲಾಗುತ್ತದೆ. ಶಂಟ್ ದೊಡ್ಡ ಕೆಪಾಸಿಟರುಗಳ ಬ್ಯಾಟರಿ ಬದಿಯಲ್ಲಿದೆಯೋ ಮಾಸ್‌ಫೆಟ್ ಬದಿಯಲ್ಲಿದೆಯೋ ನೋಡಿಕೊಳ್ಳಿ. ಮಾಸ್‌ಫೆಟ್ ಬದಿಯಲ್ಲಿ ಹರಿಯುವುದು ಕತ್ತರಿಸಿದ ಕರೆಂಟ್, ಅದನ್ನು ಮನಬಂದ ಕ್ಷಣದಲ್ಲಿ ಓದಿದರೆ ಬ್ಯಾಟರಿ ಲೆಕ್ಕ ಎಂದೂ ಹೊಂದುವುದಿಲ್ಲ.

"ಆಟೊಮೋಟಿವ್ ಗ್ರೇಡ್ ಕೊಂಡರೆ ನಿಖರತೆ ತಾನೇ ಬರುತ್ತದೆ" ಎಂಬ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಆ ಗ್ರೇಡಿಗೆ ಆಧಾರವಾದ ಎಇಸಿ-ಕ್ಯು100 ಬಾಳಿಕೆಯ ಪರೀಕ್ಷೆ. ಗ್ರೇಡ್ 1 ಎಂದರೆ -40ರಿಂದ 125 ಡಿಗ್ರಿ ಸುತ್ತಣ ತಾಪದಲ್ಲಿ ಕೆಲಸ ಮಾಡುತ್ತದೆ ಎಂದರ್ಥ, ಸರಿಯಾಗಿ ಅಳೆಯುತ್ತದೆ ಎಂದಲ್ಲ. ವಾಹನಕ್ಕೆ ಅದನ್ನೇ ಕೊಳ್ಳಿ, ಆದರೆ ಆಫ್‌ಸೆಟ್ ಮತ್ತು ಡ್ರಿಫ್ಟ್ (ಬಿಸಿಗೆ ಎಷ್ಟು ಸರಿಯುತ್ತದೆ ಎಂಬ) ಅಂಕಿಗಳನ್ನು ಬೇರೆಯಾಗಿ ಓದಿ. "ಟಿಪಿಕಲ್" ಎಂಬ ಕಾಲಮ್ಮಿಗೆ ಕೈ ಅಡ್ಡ ಇಟ್ಟು ಗರಿಷ್ಠದ ಕಾಲಮ್ಮನ್ನು ಮಾತ್ರ ನೋಡುವುದು ನನ್ನ ಅಭ್ಯಾಸ. ಚಿಪ್ಪನ್ನು ಅಧಿಕೃತ ವಿತರಕರಿಂದಲೇ ತರಿಸಿ. ತಾಪಕೀರ್ ಗಲ್ಲಿ ಕನೆಕ್ಟರಿಗೆ, ತಂತಿಗೆ, ತುರ್ತಿಗೆ ಬೇಕಾದ ಬಿಡಿಭಾಗಕ್ಕೆ ಪುಣೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ. ಮೈಕ್ರೊವೋಲ್ಟಿನ ಖಾತರಿ ಬೇಕಾದ ಭಾಗಕ್ಕೆ ಬಿಲ್ಲೂ ಬ್ಯಾಚ್ ಸಂಖ್ಯೆಯೂ ಇರಬೇಕು.

ಈಗಾಗಲೇ ಮಾರಿದ ಬಂಡಿಗಳು. ಅವುಗಳ ಬೋರ್ಡ್ ಬದಲಿಸುವುದು ನಿಮ್ಮ ಮಾಲೀಕರಿಗೆ ಹಿಡಿಸುವ ಮಾತಲ್ಲ ಎಂದು ಬಲ್ಲೆ. ಸಾಫ್ಟ್‌ವೇರಿನಲ್ಲೇ ತಕ್ಕಮಟ್ಟಿಗೆ ಸರಿಪಡಿಸಬಹುದು, ಆದರೆ ಎಲ್ಲರೂ ಮೊದಲು ಮಾಡುವ "2 ಆಂಪಿಯರಿಗಿಂತ ಕಡಿಮೆಯಿದ್ದರೆ ಸೊನ್ನೆ ಎಂದುಕೊ" ಎಂಬ ಉಪಾಯ ಬೇಡ. ದೀಪ, ಜಿಪಿಎಸ್ ಸಾಧನ ನಿಜವಾಗಿಯೂ ಎಳೆಯುವ ಒಂದು ಆಂಪಿಯರ್ ಲೆಕ್ಕದಿಂದ ಜಾರಿ, ಶೇಕಡ 30 ಎಂದು ತೋರುತ್ತಿರುವಾಗಲೇ ಗಾಡಿ ನಿಂತುಹೋಗುತ್ತದೆ. ಈಗಿನ ದೂರಿಗಿಂತ ಅದು ಕೆಟ್ಟದ್ದು. ಆನ್ ಮಾಡಿದ ಕೂಡಲೇ ಸೊನ್ನೆ ಕಲಿಯುವುದೂ ಅಪಾಯ, ಆಗಲೇ ಯಾವುದಾದರೂ ಲೋಡ್ ಹರಿಯುತ್ತಿರಬಹುದು. ಮುಖ್ಯ ಕಾಂಟ್ಯಾಕ್ಟರ್ ತೆರೆದಿದೆ, ಚಾರ್ಜರ್ ಜೋಡಿಸಿಲ್ಲ, ಶಂಟಿನ ಮೂಲಕ ಏನೂ ಹರಿಯಲು ದಾರಿಯಿಲ್ಲ ಎಂದು ಬೋರ್ಡಿಗೆ ಖಚಿತವಿರುವ ಹೊತ್ತಿನಲ್ಲಿ ಮಾತ್ರ ಸೊನ್ನೆಯನ್ನು ಕಲಿಯಲಿ, ಜೊತೆಗೆ ಬೋರ್ಡಿನ ತಾಪವನ್ನೂ ಬರೆದುಕೊಳ್ಳಲಿ. ಒಂದೆರಡು ದಿನಗಳಲ್ಲಿ ತಂಪು ಬಿಸಿ ಎರಡರ ಸೊನ್ನೆಯೂ ಅದಕ್ಕೆ ಸಿಗುತ್ತದೆ. ಗೇನ್ ದೋಷದ ಬಹುಪಾಲು ತಾಮ್ರದ ಆಕಾರದಿಂದ ಬಂದದ್ದು, ಎಲ್ಲ ಬೋರ್ಡುಗಳಲ್ಲೂ ಆಕಾರ ಒಂದೇ. ಕಾರ್ಖಾನೆಯಲ್ಲಿ ಉಳಿದಿರುವ ಕೆಲವು ಬೋರ್ಡುಗಳನ್ನು 75 ಮಿಲಿವೋಲ್ಟಿನ ಶಂಟಿನೆದುರು ಅಳೆದು, ಅವು ಒಂದಕ್ಕೊಂದು ಒಂದು ಶೇಕಡದೊಳಗೆ ಹೊಂದಿದರೆ ಅದೇ ಗುಣಕವನ್ನು ಎಲ್ಲಕ್ಕೂ ಹಾಕಬಹುದು. ಚಾರ್ಜ್ ಪೂರ್ತಿಯಾಗಿ ಚಾರ್ಜರ್ ಕರೆಂಟ್ ಇಳಿದಾಗಲೆಲ್ಲ ಲೆಕ್ಕವನ್ನು ನೂರಕ್ಕೆ ತಂದು ನಿಲ್ಲಿಸಿ. ಹೊಸ ಸಾಫ್ಟ್‌ವೇರ್ ಹಾಕುವ ದಿನ, ಬ್ಯಾಟರಿ ಪೂರ್ತಿ ತುಂಬಿದ ಗಾಡಿಯಿಂದಲೇ ಆರಂಭಿಸಿ. ಅರ್ಧ ಖಾಲಿಯಾದ ಗಾಡಿಗೆ ಹಾಕಿದರೆ ಹಳೆಯ ತಪ್ಪು ಲೆಕ್ಕವೇ ಮುಂದುವರಿದು, ಮರುದಿನ ಬೆಳಿಗ್ಗೆ ಅದೇ ಚಾಲಕ ಮತ್ತೆ ಫೋನ್ ಮಾಡುತ್ತಾನೆ.